ಬಾಗಿಲಲ್ಲೇ ಕೇಳಿಬಿಡಿ: ಇಫ್ ಒಳಗೆ ಇಫ್ ಬರೆಯೋರಿಗೆ

ಕಳೆದ ನವೆಂಬರ್‌ನಲ್ಲಿ ನಮ್ಮ ಬಳಗದ ರಾಜ್ಯೋತ್ಸವ ಸ್ಪರ್ಧೆಗಳಿಗೆ ನೋಂದಣಿ ಪ್ರೋಗ್ರಾಂ ಬರೆದಿದ್ದು ನಾನೇ. ಇದನ್ನ ಮೊದ್ಲೇ ಒಪ್ಕೊಂಡುಬಿಡ್ತೀನಿ. ರಸಪ್ರಶ್ನೆಗೆ ಸೀಟು ಇಲ್ಲದಿದ್ರೂ ಐವತ್ತು ರೂಪಾಯಿ ಕಟ್ಟಿಸ್ಕೊಂಡಿದ್ದು ಯಾರು ಅಂತ ಇನ್ನೂ ಕೆಲವರು ಹುಡುಕ್ತಾ ಇದ್ದಾರೆ. ಹುಡುಕೋದು ಬೇಡ. ದುಡ್ಡು ವಾಪಸ್ ಬಂದಿದೆ ಅಲ್ವಾ?

ಈ ಲೇಖನ ಆ ತಪ್ಪಿನ ಬಗ್ಗೆ. ಅಂದ್ರೆ ಒಂದು ಫಂಕ್ಷನ್ ಒಳಗೆ ನಾಲ್ಕೈದು ಷರತ್ತುಗಳನ್ನ ಪರೀಕ್ಷೆ ಮಾಡ್ಬೇಕಾದಾಗ ಅವುಗಳನ್ನ ಹೇಗೆ ಜೋಡಿಸ್ಬೇಕು ಅನ್ನೋದರ ಬಗ್ಗೆ. ಮೊದಲ ವರ್ಷದ ಸಿ ಪುಸ್ತಕದಲ್ಲಿ ಇಫ್, ಎಲ್ಸ್, ನೆಸ್ಟೆಡ್ ಇಫ್ ಅಂತ ಮೂರು ಪುಟ ಇರುತ್ತೆ. ಹೇಗೆ ಬರೀಬಹುದು ಅಂತ ಅಲ್ಲಿದೆ, ಯಾವಾಗ ಹಾಗೆ ಬರೀಬಾರದು ಅಂತ ಇಲ್ಲ. ಕೋಡನ್ನ ಇಲ್ಲಿ ಯಾವ ಪ್ರೋಗ್ರಾಮಿಂಗ್ ಭಾಷೆಯಲ್ಲೂ ಬರೆದಿಲ್ಲ, ಕನ್ನಡದಲ್ಲೇ ಬರೆದಿದ್ದೀನಿ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ, ಹಾಗಾಗಿ ಒತ್ತಕ್ಷರದ ಬಗ್ ಇದ್ರೆ ಕ್ಷಮಿಸಿ.

ನನ್ನ ಪ್ರೋಗ್ರಾಂ ಹೀಗಿತ್ತು:

ನೋಂದಣಿ (ವಿದ್ಯಾರ್ಥಿ, ಸ್ಪರ್ಧೆ):
    ಇಫ್ ಸ್ಪರ್ಧೆ ಪಟ್ಟಿಯಲ್ಲಿದೆ:
        ಇಫ್ ಕೊನೆಯ ದಿನ ದಾಟಿಲ್ಲ:
            ಇಫ್ ಸೀಟು ಉಳಿದಿದೆ:
                ಇಫ್ ಹಣ ಕಟ್ಟಿದ್ದಾರೆ:
                    ಹೆಸರು ಸೇರಿಸು
                    ರಿಟರ್ನ್ "ನೋಂದಣಿ ಆಯ್ತು"
                ಎಲ್ಸ್:
                    ರಿಟರ್ನ್ "ಸೀಟು ಭರ್ತಿಯಾಗಿದೆ"
            ಎಲ್ಸ್:
                ರಿಟರ್ನ್ "ಹಣ ಕಟ್ಟಿ ಮತ್ತೆ ಪ್ರಯತ್ನಿಸಿ"
        ಎಲ್ಸ್:
            ರಿಟರ್ನ್ "ದಿನಾಂಕ ಮುಗಿದಿದೆ"
    ಎಲ್ಸ್:
        ರಿಟರ್ನ್ "ಅಂಥ ಸ್ಪರ್ಧೆ ಇಲ್ಲ"

ಒಂದ್ಸಲ ನಿಧಾನವಾಗಿ ಓದಿ. ತಪ್ಪು ಕಂಡಿತಾ? ನನಗೆ ಕಂಡಿರಲಿಲ್ಲ. ಮಧ್ಯದ ಎರಡು ಎಲ್ಸ್‌ಗಳ ಉತ್ತರ ಅದಲುಬದಲಾಗಿದೆ. ಹಣ ಕಟ್ಟದವರಿಗೆ "ಸೀಟು ಭರ್ತಿ" ಅಂತ ಹೋಗ್ತಿತ್ತು. ನಿಜವಾಗಿ ಸೀಟು ಭರ್ತಿಯಾಗಿದ್ದ ಕಡೆ "ಹಣ ಕಟ್ಟಿ" ಅಂತ ಹೋಗ್ತಿತ್ತು. ಮೊದಲು ಸರಿಯಾಗೇ ಇತ್ತು, ಆಣೆ. ಹಣದ ಪರೀಕ್ಷೆ ಆಮೇಲೆ ಸೇರಿಸಿದ್ದು, ರಾತ್ರಿ ಹನ್ನೊಂದೂವರೆಗೆ, ನಮ್ಮ ಖಜಾಂಚಿ ನೆನಪಿಸಿದ ಮೇಲೆ. ಹೊಸ ಇಫ್ ಒಳಗೆ ತುರುಕಿದೆ, ಅದರ ಎಲ್ಸ್ ಅನ್ನ ಕೆಳಗೆ ಎಲ್ಲೋ ಇಟ್ಟೆ. ಆಮೇಲೆ ನನ್ನ ಹೆಸರಲ್ಲೇ, ಹಣ ಕಟ್ಟಿ, ಸೀಟಿರೋ ಸ್ಪರ್ಧೆಗೆ ನೋಂದಣಿ ಮಾಡಿ ನೋಡಿದೆ. "ನೋಂದಣಿ ಆಯ್ತು" ಅಂತ ಬಂತು. ಮಲಗಿದೆ.

ಇದರಿಂದ ಏನಾಯ್ತು ಅಂದ್ರೆ, ರಸಪ್ರಶ್ನೆಯ 40 ಸೀಟು ತುಂಬಿದ ಮೇಲೂ 14 ಜನ ಹಣ ಕಟ್ಟಿದ್ರು. ಕಟ್ಟಿದ ಮೇಲೂ ಪ್ರೋಗ್ರಾಂ "ಹಣ ಕಟ್ಟಿ" ಅಂತಲೇ ಹೇಳಿದ್ದಕ್ಕೆ ಮೂರು ಜನ ಎರಡೆರಡು ಸಲ ಕಟ್ಟಿದ್ರು. ಒಟ್ಟು 850 ರೂಪಾಯಿ ವಾಪಸ್ ಕೊಟ್ವಿ. ಇದು ಸರಿಹೋಗೋ ವಿಷಯ.

ಸರಿಹೋಗದೇ ಇದ್ದದ್ದು ಇನ್ನೊಂದು. ಭಾವಗೀತೆಗೆ 25 ಸೀಟಿತ್ತು, 16 ಜನ ಮಾತ್ರ ಇದ್ರು. ಹಾವೇರಿ ಕಡೆಯ ಒಬ್ಬ ಮೊದಲ ವರ್ಷದ ಹುಡುಗ ಎರಡು ವಾರ ಹಾಸ್ಟೆಲ್ ಟೆರೇಸ್ ಮೇಲೆ ಪ್ರಾಕ್ಟೀಸ್ ಮಾಡಿದ್ದನಂತೆ. ಮೊದಲು ನೋಂದಣಿ, ಆಮೇಲೆ ಹಣ ಅಂದ್ಕೊಂಡು ಹೆಸರು ಹಾಕೋಕೆ ಹೋದ. "ಸೀಟು ಭರ್ತಿಯಾಗಿದೆ" ಅಂತ ಬಂತು. ಸರಿ ಅಂತ ಸುಮ್ಮನಾದ. ಸ್ಪರ್ಧೆಯ ದಿನ ಹಿಂದಿನ ಸಾಲಲ್ಲಿ ಕೂತು, ಒಂಬತ್ತು ಜಾಗ ಖಾಲಿ ಇದ್ದ ಸ್ಪರ್ಧೆಯನ್ನ ಕೇಳಿಸ್ಕೊಂಡು ಎದ್ದು ಹೋದ. ನನಗೆ ಗೊತ್ತಾಗಿದ್ದು ಒಂದು ವಾರ ಆದ್ಮೇಲೆ. ಅವನೇ ಬಂದು ಜಗಳ ಮಾಡಿದ್ರೆ ಚೆನ್ನಾಗಿತ್ತು. "ಪರವಾಗಿಲ್ಲ ಅಣ್ಣ, ಮುಂದಿನ ವರ್ಷ ಹಾಡ್ತೀನಿ" ಅಂದ.

ಈಗ ಆ ಕೋಡ್ ಯಾಕೆ ತಪ್ಪಿಗೆ ಅಷ್ಟು ಸುಲಭವಾಗಿ ಜಾಗ ಕೊಡ್ತು ಅಂತ ನೋಡೋಣ. ಮೊದಲ ಇಫ್ ನೋಡಿ. ಅದರ ಎಲ್ಸ್ ಎಲ್ಲಿದೆ? ಕಟ್ಟಕಡೆಯಲ್ಲಿ. ಎರಡನೇ ಇಫ್‌ನ ಎಲ್ಸ್ ಕೊನೆಯಿಂದ ಎರಡನೇದು. ಪ್ರಶ್ನೆಗಳು ಮೇಲಿಂದ ಕೆಳಗೆ ಒಂದು ಕ್ರಮದಲ್ಲಿ ಬರುತ್ತೆ, ಉತ್ತರಗಳು ಉಲ್ಟಾ ಕ್ರಮದಲ್ಲಿ ಬರುತ್ತೆ. ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಇದೇನು ಅಂತ ಗೊತ್ತು, ಸ್ಟ್ಯಾಕ್. ಕಂಪ್ಯೂಟರಿಗೆ ಸ್ಟ್ಯಾಕ್ ಕಷ್ಟ ಅಲ್ಲ. ರಾತ್ರಿ ಹನ್ನೊಂದೂವರೆಗೆ ನನ್ನ ತಲೆಗೆ ಕಷ್ಟ. ಷರತ್ತು ನಾಲ್ಕೇ ಇದ್ರೂ, ಒಂದು ಷರತ್ತಿಗೂ ಅದರ ಉತ್ತರಕ್ಕೂ ನಡುವೆ ಹತ್ತು ಸಾಲು ದೂರ.

ಪರೀಕ್ಷಾ ಹಾಲ್ ನೆನಪು ಮಾಡ್ಕೊಳ್ಳಿ. ಬಾಗಿಲಲ್ಲಿ ಮೇಲ್ವಿಚಾರಕರು ನಿಂತಿರ್ತಾರೆ. ಹಾಲ್ ಟಿಕೆಟ್ ಇಲ್ವಾ, ಆಫೀಸಿಗೆ ಹೋಗು. ಐಡಿ ಕಾರ್ಡ್ ಇಲ್ವಾ, ತಗೊಂಡು ಬಾ. ಮೊಬೈಲ್ ಇದ್ಯಾ, ಬ್ಯಾಗಲ್ಲಿ ಇಟ್ಟು ಬಾ. ಇಷ್ಟಾದ್ಮೇಲೆ ಒಳಗೆ ಕೂತವರ ತಲೆಯಲ್ಲಿ ಪರೀಕ್ಷೆ ಬಿಟ್ಟು ಬೇರೇನೂ ಇರಲ್ಲ (ಸರಿ, ಪರೀಕ್ಷೆನೂ ಇರಲ್ಲ, ಅದು ಬೇರೆ ಮಾತು). ಯಾರನ್ನೂ ಒಳಗೆ ಕೂರಿಸಿ, ಮೂರು ಗಂಟೆ ಬರೆಸಿ, ಹೊರಗೆ ಬರುವಾಗ "ನಿಂಗೆ ಹಾಲ್ ಟಿಕೆಟ್ ಇರಲಿಲ್ಲ ಅಲ್ವಾ?" ಅಂತ ಕೇಳಲ್ಲ.

ಕೋಡಿನಲ್ಲೂ ಹಾಗೇ ಬರೀಬಹುದು:

ನೋಂದಣಿ (ವಿದ್ಯಾರ್ಥಿ, ಸ್ಪರ್ಧೆ):
    ಇಫ್ ಸ್ಪರ್ಧೆ ಪಟ್ಟಿಯಲ್ಲಿಲ್ಲ: ರಿಟರ್ನ್ "ಅಂಥ ಸ್ಪರ್ಧೆ ಇಲ್ಲ"
    ಇಫ್ ಕೊನೆಯ ದಿನ ದಾಟಿದೆ: ರಿಟರ್ನ್ "ದಿನಾಂಕ ಮುಗಿದಿದೆ"
    ಇಫ್ ಸೀಟು ಉಳಿದಿಲ್ಲ: ರಿಟರ್ನ್ "ಸೀಟು ಭರ್ತಿಯಾಗಿದೆ"
    ಇಫ್ ಹಣ ಕಟ್ಟಿಲ್ಲ: ರಿಟರ್ನ್ "ಹಣ ಕಟ್ಟಿ ಮತ್ತೆ ಪ್ರಯತ್ನಿಸಿ"

    ಹೆಸರು ಸೇರಿಸು
    ರಿಟರ್ನ್ "ನೋಂದಣಿ ಆಯ್ತು"

ಇದಕ್ಕೆ ಗಾರ್ಡ್ ಕ್ಲಾಸ್ ಅಂತಾರೆ. ನಾನು ಕಾವಲು ಸಾಲು ಅಂತ ಕರೀತೀನಿ, ಬಳಗದ ಪತ್ರಿಕೆ ಅಲ್ವಾ. ಷರತ್ತು ಮತ್ತು ಅದರ ಉತ್ತರ ಒಂದೇ ಸಾಲಲ್ಲಿ ಇರೋದ್ರಿಂದ, ಅದಲುಬದಲು ಮಾಡ್ಬೇಕು ಅಂದ್ರೂ ಬೇಕಂತಲೇ ಮಾಡ್ಬೇಕು. ಮಾರ್ಟಿನ್ ಫೌಲರ್ ಅವರ 'ರಿಫ್ಯಾಕ್ಟರಿಂಗ್' ಪುಸ್ತಕದಲ್ಲಿ (1999) ನೆಸ್ಟೆಡ್ ಇಫ್ ತೆಗೆದು ಕಾವಲು ಸಾಲು ಹಾಕೋದು ಅಂತಲೇ ಒಂದು ವಿಧಾನ ಇದೆ. ಆಪಲ್‌ನ ಸ್ವಿಫ್ಟ್ ಭಾಷೆಗೆ 2015ರಲ್ಲಿ, ಎರಡನೇ ಆವೃತ್ತಿಯಲ್ಲಿ, ಗಾರ್ಡ್ ಅನ್ನೋ ಪದವನ್ನೇ ಸೇರಿಸಿದ್ರು. ಅದರ ಎಲ್ಸ್ ಭಾಗದಿಂದ ನೀವು ಹೊರಗೆ ಹೋಗದಿದ್ರೆ ಕಂಪೈಲರ್ ಬಿಡೋದೇ ಇಲ್ಲ.

ಲಿನಕ್ಸ್ ಕರ್ನಲ್ ಬರೆಯೋರ ನಿಯಮ ಇನ್ನೂ ಖಡಕ್. ಅಲ್ಲಿ ಒಂದು ಇಂಡೆಂಟ್ ಅಂದ್ರೆ 8 ಅಕ್ಷರದ ಜಾಗ. ಇಷ್ಟಗಲ ಬಿಟ್ರೆ ಕೋಡ್ ಪರದೆಯ ಬಲಕ್ಕೆ ಓಡಿಹೋಗುತ್ತಲ್ಲ ಅಂತ ಕೇಳಿದ್ರೆ, ಅವರ ಶೈಲಿ ಕೈಪಿಡಿ ಕೊಡೋ ಉತ್ತರದ ಸಾರ ಇಷ್ಟು: ಮೂರು ಹಂತಕ್ಕಿಂತ ಒಳಗೆ ಹೋಗೋ ಪರಿಸ್ಥಿತಿ ಬಂದ್ರೆ ತಪ್ಪು ಇಂಡೆಂಟ್‌ನದ್ದಲ್ಲ, ನಿಮ್ಮ ಪ್ರೋಗ್ರಾಂನದ್ದು. ನನ್ನದು ನಾಲ್ಕು ಹಂತ ಹೋಗಿತ್ತು.

ಇಲ್ಲಿ ನಂಗೆ ಒಂದು ಕನ್ನಡದ ವಿಷಯ ಹೊಳೀತು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. "ಹಾಲ್ ಟಿಕೆಟ್ ಪಡೆದು, ಶುಲ್ಕ ಕಟ್ಟಿ, ಶೇಕಡಾ 85 ಹಾಜರಾತಿ ಇದ್ದು, ಐಡಿ ಕಾರ್ಡ್ ತಂದಿದ್ದರೆ ಮಾತ್ರ ಪರೀಕ್ಷೆಗೆ ಕೂರಬಹುದು" ಅಂತ ಬರೆದ್ರೆ ವ್ಯಾಕರಣ ಸರಿ. ಆದ್ರೆ ಕೊನೆಯ ಪದ ಬರೋವರೆಗೂ ನಾಲ್ಕು ಷರತ್ತನ್ನ ಬಾಯಲ್ಲಿ ನೀರು ಇಟ್ಕೊಂಡ ಹಾಗೆ ಇಟ್ಕೊಂಡಿರ್ಬೇಕು. ನೋಟಿಸ್ ಬೋರ್ಡ್ ಬರೆಯೋರಿಗೆ ಇದು ಯಾವತ್ತೋ ಗೊತ್ತಿತ್ತು. ಅವರು "ಹಾಲ್ ಟಿಕೆಟ್ ಇಲ್ಲದವರಿಗೆ ಪ್ರವೇಶವಿಲ್ಲ" ಅಂತ ಒಂದು ಸಾಲು ಹಾಕ್ತಾರೆ, ಅದರ ಕೆಳಗೆ ಇನ್ನೊಂದು.

ಇಷ್ಟು ಓದಿ ಎಲ್ಲಾ ಇಫ್‌ಗಳನ್ನೂ ತಿರುವಿ ಹಾಕೋಕೆ ಹೊರಡಬೇಡಿ. ನಾನು ಹೊರಟೆ, ಮೂರು ಕಡೆ ಎಡವಿದೆ.

ಮೊದಲನೇದು ತಿರುವೋದೇ. "ಸೀಟು ಉಳಿದಿದೆ" ಅನ್ನೋದು ಕೋಡಿನಲ್ಲಿ, ಸೇರಿದವರ ಸಂಖ್ಯೆ 40ಕ್ಕಿಂತ ಕಡಿಮೆ ಅಂತ ಇರುತ್ತೆ. ಅದರ ವಿರುದ್ಧ ಏನು? ನಾನು 40ಕ್ಕಿಂತ ಹೆಚ್ಚು ಅಂತ ಬರೆದೆ. ತಪ್ಪು. 40 ಅಥವಾ ಅದಕ್ಕಿಂತ ಹೆಚ್ಚು ಅಂತ ಆಗ್ಬೇಕು. ನನ್ನ ಹೊಸ ಕೋಡ್ 41ನೇ ಮನುಷ್ಯನನ್ನ ಒಳಗೆ ಬಿಡ್ತಿತ್ತು. ಎರಡು ಷರತ್ತು ಸೇರಿದ್ರೆ ಇನ್ನೂ ಮಜಾ. "ಹಣ ಕಟ್ಟಿದ್ದಾರೆ ಮತ್ತು ಐಡಿ ಇದೆ" ಅನ್ನೋದರ ವಿರುದ್ಧ "ಹಣ ಕಟ್ಟಿಲ್ಲ ಮತ್ತು ಐಡಿ ಇಲ್ಲ" ಅಲ್ಲ, "ಹಣ ಕಟ್ಟಿಲ್ಲ ಅಥವಾ ಐಡಿ ಇಲ್ಲ". ಮತ್ತು ಹೋಗಿ ಅಥವಾ ಆಗುತ್ತೆ. ಇದು ಡಿ ಮಾರ್ಗನ್ ನಿಯಮ, ಲಾಜಿಕ್ ಡಿಸೈನ್‌ನಲ್ಲಿ ಗೇಟ್ ಬಿಡಿಸುವಾಗ ಎಲ್ಲರೂ ಹಾಕಿರ್ತೀವಿ, ಕೋಡ್ ಬರೆಯುವಾಗ ಮರೀತೀವಿ. (ಆಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ ನಮ್ಮ ಪಕ್ಕದ ಮದುರೈನಲ್ಲಿ. ವೈವಾದಲ್ಲಿ ಉಪಯೋಗಕ್ಕೆ ಬರಲ್ಲ, ಆದ್ರೂ ಗೊತ್ತಿರ್ಲಿ.)

ಎರಡನೇದು ಕ್ರಮ. ಕಾವಲು ಸಾಲುಗಳನ್ನ ಹೇಗೆ ಬೇಕಾದ್ರೂ ಹಾಗೆ ಜೋಡಿಸೋಕೆ ಆಗಲ್ಲ. "ಸ್ಪರ್ಧೆ ಪಟ್ಟಿಯಲ್ಲಿಲ್ಲ" ಅನ್ನೋದು ಮೊದಲೇ ಇರ್ಬೇಕು. ಇಲ್ಲಾಂದ್ರೆ ಇಲ್ಲದ ಸ್ಪರ್ಧೆಯ ಕೊನೆಯ ದಿನಾಂಕ ಕೇಳೋಕೆ ಹೋಗಿ ಪ್ರೋಗ್ರಾಂ ಅಲ್ಲೇ ಬಿದ್ದುಹೋಗುತ್ತೆ. ಇದು ತಾಂತ್ರಿಕ ಕಾರಣ. ಆದ್ರೆ ಸೀಟಿನ ಸಾಲು ಮತ್ತು ಹಣದ ಸಾಲು? ಯಾವುದು ಮೊದಲಿದ್ರೂ ಪ್ರೋಗ್ರಾಂ ಬೀಳಲ್ಲ, ಎರಡು ಉತ್ತರಗಳೂ ಸರಿಯಾಗೇ ಇರುತ್ತೆ. ಆದ್ರೂ ಹಣದ ಸಾಲು ಮೇಲಿದ್ರೆ, ಭರ್ತಿಯಾದ ರಸಪ್ರಶ್ನೆಗೆ ಬಂದವನಿಗೆ ಮೊದಲು "ಹಣ ಕಟ್ಟಿ" ಅಂತಲೇ ಹೋಗುತ್ತೆ. ಅವನು ಕಟ್ಟಿ ಬಂದ್ಮೇಲೆ "ಸೀಟು ಭರ್ತಿ" ಅನ್ನುತ್ತೆ. ಅಂದ್ರೆ ಒಂದು ಅಕ್ಷರವೂ ತಪ್ಪಿಲ್ಲದೆ ನಾನು ಮತ್ತೆ ಅದೇ ಹದಿನಾಲ್ಕು ಜನರ ಹತ್ತಿರ ಅದೇ ಐವತ್ತು ರೂಪಾಯಿ ಕಿತ್ಕೊಳ್ತಿದ್ದೆ. ಷರತ್ತುಗಳ ಕ್ರಮ ಅಂದ್ರೆ ಬರೀ ಅಂದಚೆಂದ ಅಂದ್ಕೊಂಡಿದ್ದೆ, ಆದ್ರೆ ಅದು ಯಾರಿಗೆ ಏನು ಹೇಳ್ಬೇಕು ಅನ್ನೋ ತೀರ್ಮಾನ. ಕಂಪೈಲರ್ ಆಗಲಿ ಎಡಿಟರ್ ಆಗಲಿ ಇದನ್ನ ಹಿಡಿಯಲ್ಲ. (ಸೀಟು ಇದೆ ಅಂತ ನೋಡಿ, ಹಣ ಕಟ್ಟಿ ಬರೋಷ್ಟ್ರಲ್ಲಿ ಬೇರೆಯವರು ಸೀಟು ತಗೊಂಡಿದ್ರೆ ಅಂತ ಕೇಳ್ತೀರಾ? ಆಪರೇಟಿಂಗ್ ಸಿಸ್ಟಮ್ಸ್ ಓದೋ ಸೀನಿಯರ್‌ಗಳು ಅದರ ಬಗ್ಗೆ ಬರೀಲಿ.)

ಮೂರನೇದು ನಮ್ಮ ಲ್ಯಾಬ್ ಮೇಡಂ ತೋರಿಸಿದ್ದು. ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಬೇಕು.

ನೋಂದಣಿ ಗಲಾಟೆ ಮುಗಿದ ಮೇಲೆ ನಾನು ಕಾವಲು ಸಾಲಿನ ಭಕ್ತನಾಗಿಬಿಟ್ಟಿದ್ದೆ. ಸಿ ಲ್ಯಾಬ್‌ನಲ್ಲಿ ಫೈಲಿನಿಂದ ಗ್ರಂಥಾಲಯದ ಪುಸ್ತಕ ಹುಡುಕೋ ಪ್ರೋಗ್ರಾಂ ಇತ್ತು. ಅದರಲ್ಲಿ ಐದು ಕಡೆ ರಿಟರ್ನ್ ಹಾಕಿದೆ. ಮೇಡಂ ಹತ್ತಕ್ಕೆ ಎರಡು ಅಂಕ ಕಳೆದ್ರು. ಫಂಕ್ಷನ್‌ಗೆ ಒಂದೇ ರಿಟರ್ನ್ ಇರ್ಬೇಕು, ಅದೂ ಕೊನೆಯಲ್ಲಿ ಅಂದ್ರು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಅದು ಹಳೇ ಕಾಲದ ನಿಯಮ ಮೇಡಂ ಅಂದುಬಿಟ್ಟೆ. ಅವರು ಬೈಲಿಲ್ಲ. "ಈ ಮೂರನೇ ರಿಟರ್ನ್‌ನಲ್ಲಿ ಫೈಲ್ ಯಾರು ಮುಚ್ತಾರಪ್ಪ?" ಅಂತ ಕೇಳಿದ್ರು. ಯಾರೂ ಮುಚ್ತಿರಲಿಲ್ಲ. ಫೈಲ್ ತೆಗೆದಿದ್ದು ಮೇಲೆ, ಮುಚ್ಚೋದು ಕೊನೇ ಸಾಲಲ್ಲಿ, ಪುಸ್ತಕದ ಸಂಖ್ಯೆ ತಪ್ಪಿದ್ರೆ ನಾನು ಮಧ್ಯದಲ್ಲೇ ಎದ್ದು ಹೊರಗೆ. ಆ ಫಂಕ್ಷನ್ನನ್ನ ಲೂಪ್‌ನಲ್ಲಿ ಹಾಕಿ ತಪ್ಪು ಸಂಖ್ಯೆ ಕೊಟ್ಟು ಓಡಿಸು ಅಂದ್ರು. 1021 ಸಲ ಓಡಿತು, 1022ನೇ ಸಲಕ್ಕೆ ಫೈಲ್ ತೆಗೆಯೋಕೆ ಆಗಲಿಲ್ಲ. ಆ ಲಿನಕ್ಸ್‌ನಲ್ಲಿ ಒಂದು ಪ್ರೋಗ್ರಾಂ ಒಟ್ಟಿಗೆ 1024 ಫೈಲ್ ತೆರೆದಿಟ್ಕೋಬಹುದಿತ್ತು. ಕೀಬೋರ್ಡ್, ಪರದೆ, ಮತ್ತೆ ತಪ್ಪು ಸಂದೇಶದ ದಾರಿ, ಈ ಮೂರು ಶುರುವಲ್ಲೇ ಲೆಕ್ಕಕ್ಕೆ ಹೋಗಿರುತ್ತೆ. ಲೆಕ್ಕ ಅಷ್ಟು ಕರೆಕ್ಟಾಗಿ ತಾಳೆಯಾದಾಗ ನಾಚಿಕೆ ಜೊತೆ ಖುಷಿನೂ ಆಯ್ತು.

ಮೇಡಂ ಹೇಳಿದ ನಿಯಮಕ್ಕೆ ಇತಿಹಾಸ ಇದೆ. 1966ರಲ್ಲಿ ಬೋಮ್ ಮತ್ತು ಯಾಕೊಪಿನಿ, ಸಾಲಾಗಿ ನಡೆಯೋದು, ಆಯ್ಕೆ ಮಾಡೋದು, ಪುನರಾವರ್ತನೆ, ಈ ಮೂರರಿಂದಲೇ ಎಲ್ಲಾ ಪ್ರೋಗ್ರಾಂ ಬರೀಬಹುದು ಅಂತ ತೋರಿಸಿದ್ರು. 1968ರಲ್ಲಿ ಡೈಕ್‌ಸ್ಟ್ರಾ ಗೋಟು ವಿರುದ್ಧ ತಮ್ಮ ಪ್ರಸಿದ್ಧ ಪತ್ರ ಬರೆದ್ರು. ಒಂದೇ ಬಾಗಿಲಿಂದ ಒಳಗೆ, ಒಂದೇ ಬಾಗಿಲಿಂದ ಹೊರಗೆ ಅನ್ನೋ ಶಿಸ್ತು ಆ ಕಾಲದ್ದು. ಸುಮ್ಮನೆ ಹೇಳಿದ್ದಲ್ಲ. ಫೋರ್ಟ್ರಾನ್ 77ರಲ್ಲಿ ಒಂದು ಸಬ್‌ರುಟೀನ್‌ನ ಮಧ್ಯಕ್ಕೆ ನೇರವಾಗಿ ನುಗ್ಗೋಕೂ, ಕರೆದವನು ಹೇಳಿದ ಬೇರೆ ಬೇರೆ ಸಾಲುಗಳಿಗೆ ವಾಪಸ್ ಹೋಗೋಕೂ ಅವಕಾಶ ಇತ್ತು. ಈಗಲೂ ಕಾರಿನ ಬ್ರೇಕ್‌ನಂಥ ಕಡೆ ಓಡೋ ಸಿ ಕೋಡಿಗೆ ಬಳಸೋ ಮಿಸ್ರಾ ನಿಯಮಾವಳಿಯ 2012ರ ಆವೃತ್ತಿಯಲ್ಲಿ, 15.5ನೇ ನಿಯಮ ಇದೇ: ಹೊರಗೆ ಹೋಗೋ ಜಾಗ ಒಂದೇ ಇರಲಿ, ಕೊನೆಯಲ್ಲಿರಲಿ. ಕಡ್ಡಾಯ ಅಲ್ಲ, ಸಲಹೆ.

ಅಂದ್ರೆ ಜಗಳ ಇರೋದು ರಿಟರ್ನ್ ಎಷ್ಟು ಅನ್ನೋದರ ಮೇಲಲ್ಲ, ಹೊರಗೆ ಹೋಗುವಾಗ ಲೈಟ್ ಆಫ್ ಮಾಡಿದ್ಯಾ ಅನ್ನೋದರ ಮೇಲೆ. ಪೈಥಾನ್‌ನಲ್ಲಿ ವಿತ್, ಗೋ ಭಾಷೆಯಲ್ಲಿ ಡಿಫರ್, ಸಿ ಪ್ಲಸ್ ಪ್ಲಸ್‌ನಲ್ಲಿ ಡಿಸ್ಟ್ರಕ್ಟರ್, ಇವೆಲ್ಲ ನೀವು ಯಾವ ಬಾಗಿಲಿಂದ ಹೋದ್ರೂ ಲೈಟ್ ಆಫ್ ಮಾಡೋ ವ್ಯವಸ್ಥೆ. ಅಲ್ಲಿ ಎಷ್ಟು ರಿಟರ್ನ್ ಬೇಕಾದ್ರೂ ಹಾಕಿ. ಬರೀ ಸಿಯಲ್ಲಿ ಆ ವ್ಯವಸ್ಥೆ ಇಲ್ಲ. ಅದಕ್ಕೇ ಲಿನಕ್ಸ್ ಕರ್ನಲ್‌ನವರು ಕೊನೆಯಲ್ಲಿ ಒಂದು ಲೇಬಲ್ ಇಟ್ಟು, ಮುಚ್ಚೋ ಕೆಲಸವೆಲ್ಲ ಅಲ್ಲಿಟ್ಟು, ಮೇಲಿಂದ ಗೋಟು ಹಾಕಿ ಅಲ್ಲಿಗೆ ಬರ್ತಾರೆ. ಹೌದು, ಗೋಟು. ನಾನು ಮಾಡಿದ್ದು ಇನ್ನೂ ಸುಲಭ. ಪುಸ್ತಕದ ಸಂಖ್ಯೆ ಸರಿ ಇದ್ಯಾ ಅಂತ ನೋಡೋ ಸಾಲುಗಳನ್ನ ಫೈಲ್ ತೆಗೆಯೋಕೆ ಮುಂಚೆ ತಂದೆ. ಏನನ್ನೂ ತೆಗೆಯೋ ಮೊದಲೇ ಹೊರಗೆ ಹೋದ್ರೆ ಮುಚ್ಚೋಕೆ ಏನೂ ಇರಲ್ಲ. ಎರಡು ಅಂಕ ವಾಪಸ್ ಬರಲಿಲ್ಲ, ಕೇಳಲೂ ಇಲ್ಲ.

ಗೋಟು ಅಂದ ಮೇಲೆ ಆಪಲ್ ಕಥೆ ಹೇಳದೆ ಇರೋಕಾಗಲ್ಲ. ನೀವು ಒಂದು ಜಾಲತಾಣ ತೆರೆದಾಗ, ಅದು ನಿಜವಾಗಲೂ ಅದೇನಾ ಅಂತ ನಿಮ್ಮ ಫೋನ್ ಒಂದು ಸಹಿ ನೋಡಿ ಖಾತ್ರಿ ಮಾಡ್ಕೊಳ್ಳುತ್ತೆ. ಆಪಲ್‌ನ ಆ ಕೋಡಿನಲ್ಲಿ ಸಾಲಾಗಿ ತಪಾಸಣೆಗಳಿದ್ವು, ಒಂದೊಂದರ ಕೆಳಗೂ ತಪ್ಪಿದ್ರೆ ಕೊನೆಗೆ ಜಿಗಿ ಅಂತ ಗೋಟು. ಒಂದು ಕಡೆ ಆ ಗೋಟು ಸಾಲು ಎರಡು ಸಲ ಬಂದಿತ್ತು:

    ಇಫ್ ಈ ತಪಾಸಣೆಯಲ್ಲಿ ತಪ್ಪು ಸಿಕ್ಕಿತು
        ಗೋಟು ಫೇಲ್
        ಗೋಟು ಫೇಲ್
    ಇಫ್ ಮುಂದಿನ ತಪಾಸಣೆಯಲ್ಲಿ ತಪ್ಪು ಸಿಕ್ಕಿತು
        ಗೋಟು ಫೇಲ್
    ಸಹಿ ಪರೀಕ್ಷಿಸು

ಹೂವಿನ ಆವರಣ ಹಾಕಿರಲಿಲ್ಲ. ಆವರಣ ಇಲ್ಲದ ಇಫ್ ಸಿಯಲ್ಲಿ ಒಂದೇ ಸಾಲನ್ನ ಕಾಯುತ್ತೆ. ಎರಡನೇ ಗೋಟು ನೋಡೋಕೆ ಮಾತ್ರ ಇಫ್ ಒಳಗಿದೆ, ನಿಜವಾಗಿ ಯಾವ ಷರತ್ತೂ ಇಲ್ಲದೆ ಪ್ರತಿ ಸಲ ಓಡುತ್ತೆ. ಸಹಿ ಪರೀಕ್ಷೆಯ ಸಾಲಿಗೆ ಯಾರೂ ತಲುಪೋದೇ ಇಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದು: ಅಲ್ಲಿವರೆಗಿನ ತಪಾಸಣೆ ಪಾಸ್ ಆಗಿದ್ದರಿಂದ ತಪ್ಪಿನ ಸಂಖ್ಯೆ ಸೊನ್ನೆ ಇರುತ್ತೆ, ಸೊನ್ನೆ ಅಂದ್ರೆ ಎಲ್ಲಾ ಸರಿ ಅಂತ ಅರ್ಥ. ಲೇಬಲ್ ಹೆಸರು ಫೇಲ್, ವಾಪಸ್ ಹೋಗೋ ಉತ್ತರ ಪಾಸ್. ಮಧ್ಯದಲ್ಲಿ ಕೂತ ಯಾರು ಬೇಕಾದ್ರೂ ಬೇರೆ ತಾಣದ ವೇಷ ಹಾಕಬಹುದಿತ್ತು. 2014ರ ಫೆಬ್ರವರಿ 21ರಂದು ಐಒಎಸ್ 7.0.6 ಬಿಟ್ಟು ಸರಿಮಾಡಿದ್ರು. ಸಾಲು ಸಾಲಾಗಿ, ಚಪ್ಪಟೆಯಾಗಿ ಬರೆದ ಕೋಡೇ ಅದು, ನನ್ನ ಥರ ನಾಲ್ಕು ಹಂತ ಒಳಗೆ ಹೋಗಿರಲಿಲ್ಲ. ಹಾಗಾಗಿ ಕಾವಲು ಸಾಲು ಹಾಕಿದ್ರೆ ಸಾಕು ಅಂತ ನಾನು ಹೇಳಲ್ಲ. ಒಂದೇ ಸಾಲಿದ್ರೂ ಸಿಯಲ್ಲಿ ಆವರಣ ಹಾಕಿ. ಉತ್ತರದ ವೇರಿಯಬಲ್‌ಗೆ ಶುರುವಲ್ಲಿ ಫೇಲ್ ಅಂತ ಇಟ್ಟು, ಎಲ್ಲಾ ಮುಗಿದ ಮೇಲೆ ಮಾತ್ರ ಪಾಸ್ ಮಾಡಿ. ಜಿಸಿಸಿ ಕಂಪೈಲರ್ 6ನೇ ಆವೃತ್ತಿಯಿಂದ ಇಂಥ ಮೋಸದ ಇಂಡೆಂಟ್‌ಗೆ ಎಚ್ಚರಿಕೆ ಕೊಡುತ್ತೆ, ವಾಲ್ ಅನ್ನೋ ಆಯ್ಕೆ ಹಾಕಿ ಓಡಿಸಿದ್ರೆ. ನಮ್ಮಲ್ಲಿ ಎಷ್ಟು ಜನ ಹಾಕ್ತೀವಿ?

ಇನ್ನೊಂದು ಮಾತು. ಎಲ್ಲಾ ಇಫ್‌ಗಳೂ ಕಾವಲು ಕೆಲಸದವಲ್ಲ. ಸಂಖ್ಯೆ ಸಮವಾದ್ರೆ ಹೀಗೆ, ಬೆಸವಾದ್ರೆ ಹಾಗೆ ಅನ್ನುವಾಗ ಎರಡೂ ದಾರಿ ಸಮಾನ, ಯಾವುದೂ ತಪ್ಪಿನ ದಾರಿ ಅಲ್ಲ. ಅಲ್ಲಿ ಇಫ್ ಎಲ್ಸ್ ಅನ್ನೋದೇ ಚೆಂದ, ಓದೋರಿಗೆ ಎರಡೂ ಒಂದೇ ತೂಕದ್ದು ಅಂತ ಕಣ್ಣಿಗೇ ಗೊತ್ತಾಗುತ್ತೆ. ಫೌಲರ್ ಕೂಡ ಈ ವ್ಯತ್ಯಾಸ ಮಾಡ್ತಾರೆ. ಅಂಕದಿಂದ ಗ್ರೇಡ್ ಕೊಡೋ ಹತ್ತು ಎಲ್ಸ್ ಇಫ್‌ಗಳ ರೈಲು ಇದ್ರೆ ಅದನ್ನ ಒಂದು ಪಟ್ಟಿಯಲ್ಲಿಟ್ಟು ಹುಡುಕಿ, ಇಫ್ ಬೇಡವೇ ಬೇಡ.

ಹೊಸ ನೋಂದಣಿ ಪ್ರೋಗ್ರಾಮನ್ನ ಮೊನ್ನೆ ಪರೀಕ್ಷೆಗೆ ಕೊಟ್ಟೆ. ಯಾರಿಗೆ ಅಂತ ನಿಮಗೆ ಗೊತ್ತಾಗಿರುತ್ತೆ. ಹಾವೇರಿ ಹುಡುಗ ಕ್ಯಾಂಟೀನ್‌ನಲ್ಲಿ ಕೂತು, ಟೀ ಆರೋವರೆಗೂ, ನಾನು ಯಾವತ್ತೂ ಮಾಡದೇ ಇದ್ದ ಕೆಲಸ ಮಾಡಿದ. ಬರೀ ತಪ್ಪು ಮಾಹಿತಿನೇ ಕೊಟ್ಟ. ಇಲ್ಲದ ಸ್ಪರ್ಧೆ, ಮುಗಿದ ದಿನಾಂಕ, ಭರ್ತಿಯಾದ ಸ್ಪರ್ಧೆಗೆ ಹಣ ಕಟ್ಟದವನು. ಎಲ್ಲದಕ್ಕೂ ಸರಿ ಉತ್ತರ ಬಂತು. ನಾನು ಬೀಗ್ತಾ ಇದ್ದೆ. ಆಮೇಲೆ ತನ್ನ ಹೆಸರನ್ನ ಭಾವಗೀತೆಗೆ ಹಾಕಿದ, ಆಯ್ತು ಅಂತ ಬಂತು. ಮತ್ತೆ ಹಾಕಿದ. ಮತ್ತೆ ಆಯ್ತು ಅಂತ ಬಂತು.

"ಅಣ್ಣ, ನಾನು ಎರಡು ಸಲ ಹಾಡ್ಬೇಕಾ?"

ಮೂರನೇ ಸಾಲಿನ ಮುಂಚೆ ಒಂದು ಸಾಲು ಸೇರಿಸಿದೆ: ಇಫ್ ಹೆಸರು ಆಗಲೇ ಇದೆ, ರಿಟರ್ನ್ "ನೀವು ಈಗಾಗಲೇ ಸೇರಿದ್ದೀರಿ". ಬೇರೆ ಯಾವ ಸಾಲನ್ನೂ ಮುಟ್ಟಬೇಕಾಗಲಿಲ್ಲ. ಸೀಟಿನ ಸಾಲಿಗಿಂತ ಮುಂಚೆನೇ ಯಾಕೆ ಅಂತ ಅವನೇ ಕೇಳಿದ, ಒಂದು ನಿಮಿಷ ಯೋಚಿಸಿ ಅವನೇ ಉತ್ತರ ಹೇಳಿದ: ಇಲ್ಲಾಂದ್ರೆ 25ನೇ ಸೀಟು ತುಂಬಿದ ಮೇಲೆ, ಆಗಲೇ ಸೇರಿದವನು ಮತ್ತೆ ನೋಡಿದ್ರೆ "ಸೀಟು ಭರ್ತಿ" ಅಂತ ಬರುತ್ತೆ, ಅವನು ತನ್ನ ಹೆಸರೇ ಇಲ್ಲ ಅಂದ್ಕೊಂಡು ಮನೆಗೆ ಹೋಗ್ತಾನೆ.